ಸುಮ್ಮನೆ ನೋಡುವುದಕ್ಕೆ

ಹೆಣ್ಣುಮಗಳು ಹೊಸ್ತಿಲು ದಾಟುವುದಕ್ಕೆ ನಮ್ಮ ಕಡೆ ಒಂದು ಕಾರಣ ಬೇಕು. ಮದುವೆ, ಬಾಣಂತನ, ಸಾವು, ಜಾತ್ರೆ, ದೇವರು. ‘ಸುಮ್ಮನೆ ನೋಡಿ ಬರುತ್ತೇನೆ’ ಎಂಬುದು ಆ ಪಟ್ಟಿಯಲ್ಲಿಲ್ಲ. ಇರಬೇಕೋ ಬೇಡವೋ?

ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಮುರ್ಡೇಶ್ವರದಲ್ಲಿ. ಭಟ್ಕಳ ತಾಲ್ಲೂಕಿನ ಆ ಊರಿನ ಕಂದುಕಗಿರಿಗೆ ಮೂರು ಕಡೆ ಅರಬ್ಬೀ ಸಮುದ್ರ. ಆತ್ಮಲಿಂಗಕ್ಕೆ ಹೊದಿಸಿದ್ದ ವಸ್ತ್ರವನ್ನು ರಾವಣ ಎಸೆದಾಗ ಅದು ಇಲ್ಲಿ ಬಿತ್ತೆಂದು ಸ್ಥಳಪುರಾಣ. ಈಗ ಗುಡ್ಡದ ಮೇಲೆ 123 ಅಡಿಯ ಶಿವ ಕುಳಿತಿದ್ದಾನೆ. ಕೆಳಗೆ 20 ಅಂತಸ್ತಿನ ರಾಜಗೋಪುರ. ಅದಕ್ಕೆ ಲಿಫ್ಟೂ ಇದೆ. ಅಲಖನೂರಿನಿಂದ ಹೋದ ನಾವು ಹೆಂಗಸರು ದರ್ಶನ ಮುಗಿಸಿ ಪ್ರಸಾದ ಕಟ್ಟಿಕೊಂಡೆವು. ಆದರೆ ಯಾರೂ ಬಸ್ಸಿನ ಕಡೆ ಹೊರಳಲಿಲ್ಲ. ಗುಡ್ಡದ ಅಂಚಿನಲ್ಲಿ ನಿಂತೇ ಬಿಟ್ಟೆವು. ಕಬ್ಬಿನ ಸಾಲು, ಬದುವು, ಗೋಡೆ, ಎಲ್ಲಿ ನೋಡಿದರೂ ಒಂದು ಗಡಿ ಕಂಡ ಕಣ್ಣುಗಳು ನಮ್ಮವು.

“ಯವ್ವಾ, ಇದಕ್ಕ ಆ ಕಡಿ ದಂಡಿ ಇಲ್ಲೇನ?” ಎಂದರು ಹಿರಿಯಳೊಬ್ಬಳು. ಸ್ವಲ್ಪ ಹೊತ್ತಾದ ಮೇಲೆ ತಾವೇ, “ಮನ್ಯಾಗ ಎಮ್ಮಿ ಯಾರು ಹಿಂಡ್ತಾರೋ ಏನೋ” ಎಂದರು.

ಅವರ ಎರಡನೆಯ ಮಾತನ್ನು ನಾನು ಹಗುರ ಮಾಡಲಾರೆ. ನಾನು ಸಮುದ್ರ ನೋಡುತ್ತ ನಿಂತ ಹೊತ್ತಿನಲ್ಲಿ ಮನೆಯಲ್ಲಿ ಸೊಸೆಯೋ ಮಗಳೋ ನನ್ನ ಪಾಲಿನ ರೊಟ್ಟಿಯನ್ನೂ ಬಡಿಯುತ್ತಿರುತ್ತಾಳೆ. ಒಬ್ಬರ ಬಿಡುವು ಇನ್ನೊಬ್ಬರ ದುಡಿತದ ಮೇಲೆ ನಿಂತಿದೆ. ಪುಣ್ಯದ ಮಾತು ಈ ಲೆಕ್ಕವನ್ನು ಮುಚ್ಚುತ್ತದೆ: ದೇವರಿಗೆ ಹೋದವಳನ್ನು ಯಾರೂ ಏನೂ ಕೇಳುವುದಿಲ್ಲ. ಹಾಗೆಯೇ ಕಟ್ಟೆಯ ಮೇಲೆ ಅರ್ಧ ದಿನ ಕೂಡುವ ಗಂಡಸರನ್ನೂ ಕೇಳುವುದಿಲ್ಲ. ಅವರಿಗೆ ದೇವರ ನೆಪವೂ ಬೇಡ.

ಹಾಗಾದರೆ ನೋಡುವುದೇ ತಪ್ಪೆ? ಅಲ್ಲ ಎನ್ನುತ್ತೇನೆ. ದಂಡೆಯಿಲ್ಲದ್ದೊಂದನ್ನು ಕಂಡ ಮನಸ್ಸು ತನ್ನ ಅಡಿಗೆಮನೆಯನ್ನೇ ಜಗತ್ತೆಂದು ತಿಳಿಯುವುದಿಲ್ಲ; ಬೇರೆಯವಳನ್ನು ಅದರೊಳಗೇ ಕೂಡಿಹಾಕುವುದಕ್ಕೂ ಹಿಂಜರಿಯುತ್ತದೆ. ತಪ್ಪಿರುವುದು ನೋಡಿ ಬಂದು ಸುಮ್ಮನಾಗುವುದರಲ್ಲಿ. ಬಿಡುವು ಕೈಗಡ ತಂದ ಹಿಟ್ಟಿದ್ದಂತೆ. ತಂದವಳು ಅಳೆದು ತಿರುಗಿ ಕೊಡಬೇಕು.

ಆದ್ದರಿಂದ ತಂಗಿಯರೇ, ಮುಂದಿನ ಸಲ ನಿಮ್ಮ ಸೊಸೆ ಎಲ್ಲಿಗಾದರೂ ಹೋಗಿ ಬರುತ್ತೇನೆಂದಾಗ ಯಾಕೆಂದು ಕೇಳಬೇಡಿ. ಎಮ್ಮೆ ನಾನು ಹಿಂಡುತ್ತೇನೆ, ಹೋಗಿ ಬಾ ಎನ್ನಿ.