ಹೊಂದಿಕೊಳ್ಳಬೇಕಾದವರು ಯಾರು?

ಹೊರದೇಶದಲ್ಲಿದ್ದು ಊರಿಗೆ ಮರಳಿದವನಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: 'ಸ್ವಲ್ಪ ದಿನ ಕಷ್ಟ ಕಣಪ್ಪಾ, ಆಮೇಲೆ ಹೊಂದ್ಕೋತೀಯ.' ಧೂಳು, ಸೆಕೆ, ಕರೆಂಟಿಲ್ಲದ ರಾತ್ರಿ, ಬಸ್ಸಿನ ನೂಕುನುಗ್ಗಲು, ಇವುಗಳ ಮಟ್ಟಿಗೆ ಮಾತು ಸರಿಯೇ. ಮೈ ಎಲ್ಲಕ್ಕೂ ಒಗ್ಗುತ್ತದೆ. ಮುದ್ದೆ ಉಂಡು ಬೆಳೆದವನು ಬ್ರೆಡ್ಡಿಗೆ ಒಗ್ಗಿದ್ದರೆ, ಮತ್ತೆ ಮುದ್ದೆಗೆ ಒಗ್ಗುವುದೇನು ದೊಡ್ಡದಲ್ಲ. ಆದರೆ ಈ ದೇಶದಲ್ಲಿ ಊರಿಗೆ ಮರಳುವುದೆಂದರೆ ಜಾತಿಗೂ ಮರಳುವುದು. ಬಂದವನು ಊರಿಗೆ ಬರುತ್ತಾನೋ ಕೇರಿಗೆ ಬರುತ್ತಾನೋ ಎಂಬುದು ಅವನ ಹುಟ್ಟಿನಲ್ಲೇ ತೀರ್ಮಾನವಾಗಿರುತ್ತದೆ. ಹೀಗಿರುವಾಗ 'ಹೊಂದಿಕೋ' ಎಂದರೆ ಏನರ್ಥ?

ಬಾಬಾಸಾಹೇಬ ಅಂಬೇಡ್ಕರರನ್ನೇ ನೋಡೋಣ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. ವಿದ್ಯಾರ್ಥಿವೇತನದ ಕರಾರಿನಂತೆ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದಿಳಿದಾಗ ಅವರ ಮುಂದೆ ನಿಂತ ಪ್ರಶ್ನೆ ಒಂದೇ: ಉಳಿಯುವುದೆಲ್ಲಿ? ಪರದೇಶದ ಆ ವರ್ಷಗಳಲ್ಲಿ ತಾನು ಅಸ್ಪೃಶ್ಯನೆಂಬುದೇ ಮರೆತುಹೋಗಿತ್ತೆಂದು ಅವರು ಮುಂದೆ ಬರೆದರು. ಮರೆತದ್ದನ್ನು ನೆನಪಿಸಲು ಒಂದು ರೈಲ್ವೆ ಸ್ಟೇಷನ್ ಸಾಕಾಯಿತು. ಹಿಂದೂಗಳ ಹೋಟೆಲು ಸೇರಿಸುವುದಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಹಾಕಿಕೊಂಡು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಖಾಲಿ ಮಾಡು ಎಂದಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು.

ಇಲ್ಲಿ ಕಾಯಿಲೆ ಯಾರದು? ಹೊಂದಿಕೊಳ್ಳಲಾಗದ ಅಂಬೇಡ್ಕರರದೋ, ಜಾಗ ಕೊಡಲಾರದ ಊರಿನದೋ? ಪೆಟ್ಟು ತಿಂದವನಿಗೇ 'ಪೆಟ್ಟಿಗೆ ಹೊಂದಿಕೋ' ಎನ್ನುವುದು ವೈದ್ಯವಲ್ಲ, ದೊಣ್ಣೆ ಹಿಡಿದವನ ಪರವಾದ ವಕಾಲತ್ತು. ಅಂಬೇಡ್ಕರರೂ ಹತ್ತು ದಿನ ಪಾರ್ಸಿಯಾದರು ನಿಜ. ತಲೆ ಮೇಲೊಂದು ಸೂರಿಗಾಗಿ ಹೆಸರು ಮರೆಸುವುದು ಪಾಪವಲ್ಲ. ಮರೆಸಿ ಬದುಕುವುದೇ ಬದುಕು ಎಂದುಕೊಳ್ಳುವುದು ಸೋಲು.

ನಮ್ಮ ಕೋಲಾರದ ಕಡೆಗೆ ಬರೋಣ. ಇಲ್ಲಿ 'ಪರದೇಶ' ಸಮುದ್ರದಾಚೆಯೇ ಇರಬೇಕಿಲ್ಲ. ಮಾಲೂರಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುವವರು ದಿನವೂ ಒಂದು ಗಡಿ ದಾಟುತ್ತಾರೆ. ರೈಲಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತವರು ಊರಿನ ಹತ್ತಿರ ಬಂದಾಗ ಬೇರೆ ಬೇರೆ. 2022ರಲ್ಲಿ ಇದೇ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದೇವರಿಗೆ ಸೇರಿದ ಕೋಲು ಮುಟ್ಟಿದನೆಂದು ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಮನೆಯವರು ತಪ್ಪಾಯಿತೆಂದು ಕೈಮುಗಿದು ಹೊಂದಿಕೊಳ್ಳಬಹುದಿತ್ತು. ಅವರು ಗೋಡೆಯ ಮೇಲಿನ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್, ಬುದ್ಧರ ಪಟ ಹಾಕಿದರು.

ಇನ್ನು ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಕೊಲ್ಲಿ ದೇಶಕ್ಕೆ ದುಡಿಯಲು ಹೋದ ಕೇರಿಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅಲ್ಲಿ ಮಲಯಾಳಿ, ಬಂಗಾಳಿ, ನೇಪಾಳಿಗಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು ಊರಿಗೆ ಬಂದು ಎದೆ ಸೆಟೆಸಿ ನಡೆದರೆ 'ದುಡ್ಡಿನ ಮದ ನೋಡು' ಅಂತಾರೆ. ಜಗಲಿಯ ಕೆಳಗೆ ಕೈಕಟ್ಟಿ ನಿಂತರೆ 'ಪರವಾಗಿಲ್ಲ, ಹೋಗಿ ಬಂದ್ರೂ ಬದಲಾಗಿಲ್ಲ, ಒಳ್ಳೇ ಹುಡುಗ' ಅಂತಾರೆ. ಹೊಂದಿಕೊಂಡದ್ದಕ್ಕೆ ಊರು ಕೊಡುವ ಕೂಲಿ ಇಷ್ಟೇ, 'ಒಳ್ಳೇ ಹುಡುಗ' ಎಂಬ ಸರ್ಟಿಫಿಕೇಟು.

ಹಾಗಾದರೆ ಪರದೇಶವೇ ಸ್ವರ್ಗವೋ? ಅಲ್ಲ. ಅಂಬೇಡ್ಕರರು ಓದಿದ ಅಮೆರಿಕ ಕರಿಯರನ್ನು ದೂರವಿಟ್ಟಿದ್ದ ಅಮೆರಿಕವೇ. ಕೊಲ್ಲಿ ದೇಶಗಳಲ್ಲಿ ಕೂಲಿಯ ಪಾಸ್‌ಪೋರ್ಟನ್ನೇ ಕಿತ್ತಿಟ್ಟುಕೊಳ್ಳುವ ಧಣಿಗಳಿದ್ದಾರೆ. ನಮ್ಮವರು ಜಾತಿಯನ್ನೂ ಪೆಟ್ಟಿಗೆಯಲ್ಲಿಟ್ಟು ಸಾಗಿಸಿದ್ದರಿಂದಲೇ 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ಆದ್ದರಿಂದ ಹೊರಗಿನಿಂದ ಹೊತ್ತು ತರಬೇಕಾದದ್ದು ಅವರ ಸಂಸ್ಕೃತಿಯನ್ನಲ್ಲ. ತಾನು ಯಾರಿಗೂ ಕಡಿಮೆಯಲ್ಲವೆಂದು ಒಮ್ಮೆಯಾದರೂ ಉಂಡ ಅನುಭವವನ್ನು.

ಅದಕ್ಕೂ 'ಇದು ನಮ್ಮ ಸಂಸ್ಕೃತಿಯಲ್ಲ' ಎನ್ನುವವರಿದ್ದಾರೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅದರ ಶುದ್ಧಿಯ ಬಗ್ಗೆ ತಕರಾರು ಎದ್ದವು, ಏಳಲೇಬೇಕು. ಆದರೆ ಅದು ಯಾವ ಜಾತಿಯವರು ಮಿಂದ ನೀರು ಎಂದು ಯಾರೂ ಕೇಳಲಿಲ್ಲ. ಹೊರಗಿನ ನೀರು ಬೇಕು, ಹೊರಗಿನ ದುಡ್ಡು ಬೇಕು, ಹೊರಗಿನ ಮೊಬೈಲು ಬೇಕು. ಹೊರಗಿನಿಂದ ಬಂದ ಸಮಾನತೆ ಮಾತ್ರ ಮೈಲಿಗೆಯೇ?

ಮರಳಿದವನ ಮೇಲೂ ಒಂದು ಹೊಣೆಯಿದೆ. ಕೇರಿಗೆ ಬಂದು ಮೂಗು ಮುಚ್ಚಿಕೊಂಡು 'ಈ ಜನ ಉದ್ಧಾರ ಆಗಲ್ಲ' ಎನ್ನುವವನು ಹೊಸ ಬಗೆಯ ಮಡಿ ಉಟ್ಟಿದ್ದಾನೆ ಅಷ್ಟೆ. ಅವನಿಗೆ ಸಿಕ್ಕ ಟಿಕೆಟ್ಟು ಅವನ ಅವ್ವನಿಗೆ, ಅಕ್ಕನಿಗೆ, ಜೊತೆಗೆ ಎಮ್ಮೆ ಕಾಯ್ದವನಿಗೆ ಸಿಗಲಿಲ್ಲ. ಅಂಬೇಡ್ಕರರು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1923ರಲ್ಲಿ ಮತ್ತೆ ಮರಳಿದರು. ಬರೋಡಾದ ಆ ದಿನವನ್ನು ನುಂಗಿಕೊಂಡು, ಬ್ಯಾರಿಸ್ಟರಾಗಿ ತಮ್ಮ ಪಾಡಿಗೆ ತಾವಿರಬಹುದಿತ್ತು. 1927ರಲ್ಲಿ ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಗೆ ನಡೆದು ನೀರು ಕುಡಿದರು. ತನಗೊಬ್ಬನಿಗೆ ಒಂದು ಕೋಣೆ ಎಂಬ ಬೇಡಿಕೆ, ಎಲ್ಲರಿಗೂ ಕೆರೆ ಎಂಬ ಹಕ್ಕಾಯಿತು. ಮರಳಿ ಬರುವುದೆಂದರೆ ಇದು.

ಹೊರಗೆ ಹೋದವರು ಊರಿಗೆ ಬನ್ನಿ. ಮುದ್ದೆಗೆ, ಧೂಳಿಗೆ, ನಮ್ಮ ತೆಲುಗು ಬೆರೆತ ಕನ್ನಡಕ್ಕೆ ಹೊಂದಿಕೊಳ್ಳಿ. ಬೇರೆ ಇಟ್ಟ ಲೋಟಕ್ಕೆ ಹೊಂದಿಕೊಳ್ಳಬೇಡಿ. ಅದಕ್ಕೆ ಹೊಂದಿಕೊಳ್ಳದವರ ಜೊತೆ ಹೊಂದಿಕೊಳ್ಳಬೇಕಾದದ್ದು ಊರು.