ಬಲಶಾಲಿಗಳ ಮೌನ

ಅತಿಮಾನುಷ ವೀರರ ತಂಡದ ಧಾರಾವಾಹಿಗಳನ್ನು ಮಕ್ಕಳು ಮೆಚ್ಚುವರು. ನಮ್ಮ ನಾಡಿಗೆ ಅಂತಹ ತಂಡವೆಂದರೆ ಪಾಂಡವರು. ಬಿ. ಆರ್. ಚೋಪ್ರಾ ನಿರ್ಮಿಸಿದ ‘ಮಹಾಭಾರತ’ವು 1988ರಿಂದ 1990ರವರೆಗೆ ದೂರದರ್ಶನದಲ್ಲಿ 94 ಕಂತುಗಳಾಗಿ ಪ್ರಸಾರವಾಯಿತು. ಅದರ ಬಾಣಗಳ ಕಾಳಗಕ್ಕಿಂತ ದ್ಯೂತಸಭೆಯೇ ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವುದು.

ದ್ರೌಪದಿಯನ್ನು ಸಭೆಗೆ ಎಳೆತಂದಾಗ ಭೀಮಾರ್ಜುನರ ಬಲವು ಏಕೆ ಕೆಲಸಕ್ಕೆ ಬರಲಿಲ್ಲ? ಭೀಮನು ಅಣ್ಣನ ಮೇಲೆ ಕೆರಳಿದನು, ಅರ್ಜುನನು ತಡೆದನು. ತಮ್ಮಂದಿರು ಒಡೆದರೆ ಶತ್ರುವಿಗೆ ಲಾಭವೆಂಬ ವಾದವು ಹುರುಳಿಲ್ಲದ್ದಲ್ಲ. ಆದರೆ ದ್ರೌಪದಿಯೂ ಆ ತಂಡದವಳೇ ಅಲ್ಲವೇ? ಆಕೆಯನ್ನು ಒಂಟಿಯಾಗಿಸಿ ಉಳಿಸಿಕೊಂಡ ಒಗ್ಗಟ್ಟು ಯಾರದು?

ಅಂದು ನ್ಯಾಯವನ್ನು ನುಡಿದವನು ಕೌರವರಲ್ಲೊಬ್ಬನಾದ ವಿಕರ್ಣ. ಅವನು ತನ್ನವರನ್ನು ಖಂಡಿಸಿದನು, ತೊರೆಯಲಿಲ್ಲ; ಕುರುಕ್ಷೇತ್ರದಲ್ಲಿ ಅವರ ಪರವಾಗಿಯೇ ಕಾದಿ ಭೀಮನಿಂದ ಮಡಿದನು. ತಪ್ಪನ್ನು ತಪ್ಪೆನ್ನುವುದು ದ್ರೋಹವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮಂಗಲ್ಪಾಡಿಯ ಸುತ್ತಣ ತಾಳಮದ್ದಳೆಯಲ್ಲಿ ಅರ್ಥಧಾರಿಗಳಿಗೆ ವೇಷವಿಲ್ಲ, ಆಯುಧವಿಲ್ಲ, ಮಾತೊಂದೇ ಬಲ. ಆಟದ ಬಯಲಿನಲ್ಲಿ ನಾಯಕನು ದುರ್ಬಲ ಸಹಪಾಠಿಯನ್ನು ಹೀಯಾಳಿಸಿದಾಗ ನಮ್ಮ ವಿದ್ಯಾರ್ಥಿಗೆ ಬೇಕಾದುದೂ ಅದೇ. ಗದೆಯನ್ನು ಎತ್ತಲು ಎಲ್ಲರಿಗೂ ಆಗದು. ‘ಇದು ಸಲ್ಲದು’ ಎನ್ನಲು ಎಲ್ಲರಿಗೂ ಆಗುವುದು.