ಪ್ರಸಾದವೇ ಶಾಂತಿ

ಸಂಸಾರದ ಜಂಜಾಟದಲ್ಲಿ ಮನಶ್ಶಾಂತಿಯು ಸಾಧ್ಯವೇ? ಸದ್ಭಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು. ಚನ್ನಗಿರಿಯವರಿಗೆ ಅಡಕೆಯ ಧಾರಣೆಯ ಚಿಂತೆ; ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದರೆ ದಡದ ಮನೆಗಳ ಚಿಂತೆ; ನ್ಯಾಮತಿಯಲ್ಲಿ ಮೆಕ್ಕೆಜೋಳದ ಬೆಲೆಯ ಚಿಂತೆ; ಜಗಳೂರಿನಲ್ಲಿ ಬಾರದ ಮಳೆಯ ಚಿಂತೆ. ಮಕ್ಕಳ ಓದು, ಮಗಳ ಮದುವೆ, ಬ್ಯಾಂಕಿನ ಸಾಲಗಳಂತೂ ಎಲ್ಲೆಡೆಗೂ ಸಮಾನ. ಇವೆಲ್ಲ ತೀರಿದ ಬಳಿಕ ಶಾಂತಿ ದೊರೆಯುವುದೆಂದು ಕಾಯುವವನು, ಹೊಳೆಯ ನೀರೆಲ್ಲ ಹರಿದು ಮುಗಿಯಲಿ, ಆಮೇಲೆ ದಾಟುವೆನೆಂದು ದಡದಲ್ಲಿ ಕುಳಿತವನಿಗೆ ಸಮಾನನು.

ಪರರ ಮಾತೇಕೆ? ನನ್ನದೇ ತಪ್ಪೊಂದನ್ನು ನಿವೇದಿಸುತ್ತೇನೆ. ಒಂದು ಮುಂಜಾನೆ ವಾಮಕರದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪೂಜೆಗೆ ಕುಳಿತಿದ್ದೆನು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಧ್ಯಾನಕ್ಕೆ ಭಂಗವಾಯಿತೆಂದು ಕುಳಿತಲ್ಲಿಂದಲೇ ಗದರಿದೆನು. ಮನೆಯವರು ಮರುಮಾತಾಡಲಿಲ್ಲ. ಪೂಜೆ ಮುಗಿದು ಎಡೆ ಬಡಿಸುವಾಗ ಅವರ ಕೈಯನ್ನು ಕಂಡೆನು; ಬಿಸಿನೀರು ಚೆಲ್ಲಿ ಬೊಬ್ಬೆ ಎದ್ದಿದ್ದಿತು. ನನ್ನ ಕರದಲ್ಲಿ ಲಿಂಗವಿದ್ದಿತು, ಮನದಲ್ಲಿ ಕೋಪವಿದ್ದಿತು. ನಾನು ಅರಸಿದ್ದು ಶಾಂತಿಯನ್ನಲ್ಲ, ನನ್ನ ಅನುಕೂಲವನ್ನು.

ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶಸ್ಥಲಗಳ ತರುವಾಯ ಬರುವುದು ಪ್ರಸಾದಿಸ್ಥಲ. ‘ಪ್ರಸಾದ’ ಶಬ್ದವು ‘ಪ್ರ’ ಉಪಸರ್ಗಪೂರ್ವಕವಾದ ‘ಸದ್’ ಧಾತುವಿನಿಂದ ನಿಷ್ಪನ್ನವಾದುದು. ಕದಡಿದ ನೀರು ತಿಳಿಯಾಗುವುದೂ ಪ್ರಸಾದ. ಮನಸ್ಸು ಪ್ರಸನ್ನವಾಗುವುದೂ ಪ್ರಸಾದ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವುದೂ ಪ್ರಸಾದ. ಈ ಮೂರರ್ಥಗಳೂ ಒಂದೇ ತತ್ತ್ವವನ್ನು ಸಾರುತ್ತವೆ. ಬಂದುದನ್ನೆಲ್ಲ ನನ್ನದೆಂದು ಹಿಡಿಯುವ ಮನಸ್ಸು ಕದಡುತ್ತದೆ. ಅರ್ಪಿಸಿ ಪಡೆಯುವ ಮನಸ್ಸು ತಿಳಿಯಾಗುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳಷ್ಟೆ. ಬಡತನದ ಆ ಮನೆಯಲ್ಲಿ ಶಾಂತಿಯಿದ್ದಿತು. ಏಕೆಂದರೆ ಸಾಕೆಂಬ ಮಾತು ಅಲ್ಲಿದ್ದಿತು.

ಹಾಗಾದರೆ ಬೆಳೆ ಒಣಗಿದ ಜಗಳೂರಿನ ರೈತನಿಗೆ, “ಎಲ್ಲವೂ ಪ್ರಸಾದ, ಸುಮ್ಮನಿರು” ಎನ್ನಬಹುದೇ? ಸರ್ವಥಾ ಎನ್ನಬಾರದು. ಪರರ ದುಃಖಕ್ಕೆ ಪ್ರಸಾದವೆಂಬ ಹೆಸರಿಟ್ಟು ತಾನು ನಿಶ್ಚಿಂತನಾಗಿರುವುದು ಶಾಂತಿಯಲ್ಲ, ಜಾಡ್ಯ. ತನ್ನ ಪಾಲಿಗೆ ಬಂದುದರಲ್ಲಿ ಪ್ರಸಾದಬುದ್ಧಿ, ಪರರ ಪಾಲಿಗೆ ಬಂದ ಕಷ್ಟದಲ್ಲಿ ದಾಸೋಹಬುದ್ಧಿ, ಇದೇ ಶರಣಮಾರ್ಗ. ಇವೆರಡನ್ನು ಅದಲುಬದಲು ಮಾಡಿಕೊಂಡವನು ತನ್ನ ನಷ್ಟಕ್ಕೆ ಗೋಳಾಡುತ್ತಾನೆ, ನೆರೆಯವನ ನಷ್ಟಕ್ಕೆ ವೇದಾಂತ ಹೇಳುತ್ತಾನೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರುಂಟು. ಎರಡು ಗುಡ್ಡಗಳ ನಡುವಣ ಏರಿಯು ಹರಿದ್ರಾ ಹಳ್ಳದ ನೀರನ್ನು ತಡೆದು ನಿಲ್ಲಿಸಿದೆ. ಮಳೆಗಾಲದ ಕೆನ್ನೀರು ಅಲ್ಲಿ ತಂಗಿ ತಿಳಿಯಾಗುತ್ತದೆ. ಆದರೆ ತಿಳಿಯಾದ ನೀರು ಕೆರೆಗಷ್ಟೇ ಮೀಸಲಲ್ಲ. ಸಿದ್ಧ, ಬಸವ ಎಂಬ ಹೆಸರಿನ ನಾಲೆಗಳಲ್ಲಿ ಹರಿದು ಗದ್ದೆ ತೋಟಗಳನ್ನು ಸೇರುತ್ತದೆ. ಗೃಹಸ್ಥನ ಮನಸ್ಸೂ ಅಂತೆಯೇ ಇರತಕ್ಕದ್ದು. ಹಳ್ಳದ ನೀರಿನಂತೆ ಚಿಂತೆಗಳು ಬಂದೇ ಬರುತ್ತವೆ. ಲಿಂಗನಿಷ್ಠೆಯು ಏರಿಯಾಗಬೇಕು, ನಿತ್ಯಪೂಜೆಯಲ್ಲಿ ಕೆಸರು ತಂಗಬೇಕು, ದಾಸೋಹದ ತೂಬು ತೆರೆದಿರಬೇಕು. ಏರಿಯಿಲ್ಲದೆ ನೀರು ನಿಲ್ಲದು. ತೂಬು ಮುಚ್ಚಿದರೆ ಕೆರೆಯ ಕೆಳಗಿನ ಗದ್ದೆ ಒಣಗುವುದು.

ಅಂದು ಮನೆಯವರಲ್ಲಿ ಕ್ಷಮೆ ಬೇಡಿದೆನು. ಈಗ ಪೂಜೆಗೆ ಕುಳಿತುಕೊಳ್ಳುವ ಮುನ್ನ ಬಿಸಿನೀರಿನ ಪಾತ್ರೆಯನ್ನು ನಾನೇ ಒಲೆಯಿಂದ ಇಳಿಸಿಡುತ್ತೇನೆ. ಅಡುಗೆಮನೆಯ ಸದ್ದು ಇಂದಿಗೂ ನಿಂತಿಲ್ಲ. ಅದು ನನ್ನನ್ನು ಕದಡುವುದು ಮಾತ್ರ ಕಡಿಮೆಯಾಗಿದೆ. ಸದ್ಭಕ್ತರೇ, ಪೂಜೆಯಿಂದ ಎದ್ದ ಮೇಲೆ ನಾವು ಆಡುವ ಮೊದಲ ಮಾತು ಯಾರಿಗೆ, ಹೇಗೆ ಎಂಬುದನ್ನು ಪ್ರತಿಯೊಬ್ಬರೂ ಪರೀಕ್ಷಿಸಿಕೊಳ್ಳೋಣ. ಶಾಂತಿ ದೊರೆಯಿತೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿದುಬರುವುದು.